ಅಂಕಣದಾಗ ಏಳು ಮಂದಿ, ವೇದಿಕಿ ಮ್ಯಾಲ ಎಪ್ಪತ್ತು

ಹುನಗುಂದ–ಇಳಕಲ್ ಸೀಮೆಯಲ್ಲಿ ಊರಿಗೊಂದು ಕಬಡ್ಡಿ ತಂಡ, ತಂಡಕ್ಕೊಂದು ಯುವಕ ಮಂಡಳ, ಮಂಡಳಕ್ಕೊಂದು ಆಮಂತ್ರಣ ಪತ್ರಿಕೆ ಇದ್ದೇ ಇರುತ್ತದೆ. ತಂಡ ಒಡೆಯಬಹುದು, ಮಂಡಳ ಮಲಗಬಹುದು, ಪತ್ರಿಕೆ ಮಾತ್ರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೇ ಹೋಗುತ್ತದೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಇಂಥ ಪತ್ರಿಕೆಯ ಮಡಿಕೆ ಬಿಚ್ಚುತ್ತ ಹೋಗಿ: ದಿವ್ಯ ಸಾನ್ನಿಧ್ಯ, ಸಮ್ಮುಖ, ನೇತೃತ್ವ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಅಂಕಣ ಪೂಜೆ ಮಾಡುವವರು, ಪೂಜೆಯಾದ ಅಂಕಣಕ್ಕೆ ಕಾಯಿ ಒಡೆಯುವವರು, ಘನ ಉಪಸ್ಥಿತಿ, ಬರೇ ಉಪಸ್ಥಿತಿ, ಮುಖ್ಯ ಅತಿಥಿಗಳು, ಅತಿಥಿಗಳು, ವಿಶೇಷ ಆಹ್ವಾನಿತರು. ಕೊನೆಯ ಮಡಿಕೆಯಲ್ಲಿ ‘ಹೆಸರು ಬಿಟ್ಟುಹೋಗಿದ್ದರೆ ಕ್ಷಮೆ ಇರಲಿ’ ಎಂಬ ಒಂದು ಸಾಲು. ಆಡುವ ಹುಡುಗರೆಲ್ಲ ಆ ಸಾಲಿನೊಳಗೆ ಬಂದುಬಿಡುತ್ತಾರೆ.

ಕಬಡ್ಡಿಯ ನಿಯಮ ಪುಸ್ತಕ ಈ ವಿಷಯದಲ್ಲಿ ಬಹಳ ಜಿಪುಣ. ಅಂಕಣದೊಳಗೆ ಒಂದೊಂದು ಕಡೆ ಏಳೇ ಮಂದಿ. ಆಟ ನಡೆಸಲಿಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಅವನಿಗೆ ಇಬ್ಬರು ಸಹಾಯಕರು. ಆರು ಜನರಲ್ಲಿ ಆಟ ಮುಗಿಯಿತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಕೂಡ ಅಷ್ಟೇ ಜಿಪುಣ: ಏಳು ಮಂದಿ ಸಹಿ ಹಾಕಿದರೆ ಸಂಘ ಹುಟ್ಟುತ್ತದೆ. ಕಾಯ್ದೆ ಬರೆದವರು ಎಳೆವಯಸ್ಸಿನಲ್ಲಿ ಕಬಡ್ಡಿ ಆಡಿದ್ದಿರಬೇಕು. ಆದರೆ ಏಳು ಜನರ ಸಂಘದಲ್ಲಿ ಮರ್ಯಾದೆ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ಕಡೆ ಮೊದಲು ಪದಾಧಿಕಾರಿಗಳ ಪಟ್ಟಿ ತಯಾರಾಗುತ್ತದೆ, ಅದಕ್ಕೊಪ್ಪುವ ಸಂಘ ಆಮೇಲೆ, ಸಂಘಕ್ಕೆ ಒಂದು ತಂಡ ಇದ್ದರೆ ಒಳ್ಳೆಯದು ಎಂಬ ವಿಚಾರ ಎಲ್ಲಕ್ಕಿಂತ ಆಮೇಲೆ.

ಪಟ್ಟಿ ಬೆಳೆಯುವುದರಲ್ಲಿ ಒಂದು ಶಾಸ್ತ್ರವಿದೆ. ದುಡ್ಡು ಕೊಟ್ಟು ಲೆಕ್ಕ ಕೇಳದವನು ಗೌರವಾಧ್ಯಕ್ಷ. ದುಡ್ಡು ಕೊಡದೆ ಲೆಕ್ಕ ಕೇಳುವವನು ಕಾರ್ಯಾಧ್ಯಕ್ಷ. ಅಧ್ಯಕ್ಷ ಆಗಬೇಕೆಂದು ಹಟ ಹಿಡಿದು ಆಗದೆ ಉಳಿದವರೆಲ್ಲ ಉಪಾಧ್ಯಕ್ಷರು. ಎಷ್ಟು ಜನ ಹಟ ಹಿಡಿದರೋ ಅಷ್ಟು ಉಪಾಧ್ಯಕ್ಷರು. ಸಂಘ ಒಡೆಯುವ ತಾಕತ್ತು ಇರುವವನಿಗೆ ಸಂಘಟನಾ ಕಾರ್ಯದರ್ಶಿ ಎಂದು ಹೆಸರಿಟ್ಟು ಒಳಗೇ ಕೂರಿಸಿಕೊಳ್ಳುತ್ತಾರೆ. ಹೋದ ವರ್ಷದ ಲೆಕ್ಕ ಯಾರ ಹತ್ತಿರ ಬಾಕಿ ಇದೆಯೋ ಅವನೇ ಈ ವರ್ಷದ ಖಜಾಂಚಿ; ಅವನನ್ನು ಇಳಿಸಿದರೆ ಬಾಕಿಯೂ ಅವನ ಜೊತೆ ಇಳಿದುಹೋದೀತು ಎಂಬ ಹೆದರಿಕೆ. ಮಾರ್ಗದರ್ಶಕರೆಂದರೆ ಸಭೆಗೆ ಬಂದರೆ ತ್ರಾಸು, ಬರದಿದ್ದರೆ ಇನ್ನೂ ತ್ರಾಸು ಅನ್ನುವಂಥವರು. ಮಹಿಳಾ ಘಟಕದ ಅಧ್ಯಕ್ಷೆಯ ಹೆಸರು ಅಚ್ಚಾಗಿರುವ ಸಂಗತಿ ಆ ತಾಯಿಗೆ ಗೊತ್ತಾಗುವುದು ಪತ್ರಿಕೆಯಲ್ಲಿ ಭಜಿ ಕಟ್ಟಿಸಿಕೊಂಡು ಮನೆಗೆ ಬಂದ ದಿನ.

ಬಾಗಲಕೋಟೆಯ ನವನಗರದವರು ಪುಣ್ಯವಂತರು. ಆಲಮಟ್ಟಿಯ ಹಿನ್ನೀರು ಹಳೆ ಊರನ್ನು ತಿನ್ನುತ್ತ ಬಂದಾಗ ಹೊಸ ಊರು ಕಟ್ಟಿ ಓಣಿಗಳ ಬದಲು ಸೆಕ್ಟರ್ ನಂಬರ್ ಕೊಟ್ಟರು. ಉಪಾಧ್ಯಕ್ಷರಿಗೂ ಹಾಗೇ ಮಾಡಬಹುದಿತ್ತು. ‘ಉಪಾಧ್ಯಕ್ಷ, ಸೆಕ್ಟರ್ 43’ ಅಂದರೆ ಪತ್ರ ಹಾಕುವುದಕ್ಕಾದರೂ ಅನುಕೂಲ.

ಇಷ್ಟೆಲ್ಲ ಪದಾಧಿಕಾರಿಗಳಿರುವಾಗ ಕೆಲಸ ಯಾರು ಮಾಡುತ್ತಾರೆ ಎಂದು ಕೇಳುವವರು ಪಂದ್ಯದ ದಿನ ಮಧ್ಯಾಹ್ನ ನಾಲ್ಕಕ್ಕೆ ಗ್ರೌಂಡಿಗೆ ಹೋಗಬೇಕು. ವೇದಿಕೆಯವರು ಸಂಜೆ ಏಳಕ್ಕೆ ಬರುತ್ತಾರೆ, ಆದ್ದರಿಂದ ಅವರಿಗೆ ಈ ನೋಟ ಸಿಗುವುದಿಲ್ಲ. ಬಿಸಿಲಲ್ಲಿ ಒಬ್ಬ ಹುಡುಗ ಮಣ್ಣಲ್ಲಿ ಕೂತು ಹರಳು ಆರಿಸುತ್ತಿರುತ್ತಾನೆ. ಟ್ಯಾಂಕರ್ ನೀರು ಹೊಡೆದು, ಮಣ್ಣು ಕೂರಿಸಿ, ಸುಣ್ಣದ ಪುಡಿಯಿಂದ ಗೆರೆ ಎಳೆಯುವವನು ಅವನೇ. 13 ಮೀಟರ್ ಉದ್ದ, 10 ಮೀಟರ್ ಅಗಲ, ಎರಡೂ ಪಕ್ಕ ಒಂದೊಂದು ಮೀಟರ್ ಲಾಬಿ. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ ಮತ್ತೊಂದು ಮೀಟರಿಗೆ ಬೋನಸ್ ಲೈನ್. ಟೇಪು ಮಂಡಳದ ಹತ್ತಿರ ಇಲ್ಲ. ಇತ್ತು, ಉಪಾಧ್ಯಕ್ಷರೊಬ್ಬರು ಮನೆ ಪಾಯ ಅಳೆಯಲಿಕ್ಕೆ ಒಯ್ದಿದ್ದಾರೆ. ಇವನು ಹಗ್ಗಕ್ಕೆ ಗಂಟು ಹಾಕಿಟ್ಟುಕೊಂಡಿದ್ದಾನೆ. ಆ ಗಂಟು ಒಂದು ಗೇಣು ಹಿಂದೆ ಮುಂದೆ ಆದರೆ ರಾತ್ರಿ ಎರಡೂರಿನವರು ಬಡಿದಾಡುತ್ತಾರೆ ಎಂಬುದು ಅವನಿಗೆ ಗೊತ್ತು. ಪತ್ರಿಕೆಯಲ್ಲಿ ಅಂಕಣ ಪೂಜೆ ಮಾಡುವವರ ಹೆಸರಿದೆ, ಅಂಕಣ ಮಾಡುವವನ ಹೆಸರಿಲ್ಲ.

ಆಮೇಲೆ ತೂಕ. ಹಳ್ಳಿ ಕಬಡ್ಡಿಯಲ್ಲಿ ಆಟಕ್ಕಿಂತ ರೋಚಕವಾದದ್ದು ಇದು. ‘55 ಕೆ.ಜಿ. ವಿಭಾಗ’ ಎಂದು ಜಾಹೀರು ಮಾಡಿದ ಮೇಲೆ ಅರವತ್ತರ ಹುಡುಗರು ಮುಂಜಾನೆಯಿಂದ ನೀರು ಬಿಟ್ಟು ಬಂದಿರುತ್ತಾರೆ. ತಕ್ಕಡಿ ಗೊಬ್ಬರದ ಅಂಗಡಿಯದು. ಪತ್ರಿಕೆಯ ಪ್ರಕಾರ ತೂಕ ಪರಿಶೀಲನಾ ಸಮಿತಿಯಲ್ಲಿ ಐದು ಜನ. ಐವರೂ ಅತಿಥಿಗಳನ್ನು ಕರೆತರಲು ಕ್ರಾಸಿಗೆ ಹೋಗಿರುವುದರಿಂದ ಸುಣ್ಣದ ಹುಡುಗನೇ ಕೈ ಒರೆಸಿಕೊಂಡು ಬಂದು ನಿಲ್ಲುತ್ತಾನೆ.

“ಐವತ್ತಾರೂವರಿ ಐತ್ರಿ.”

“ಚಡ್ಡಿದೊಂದು ಅರ್ಧಾ ಕೆಜಿ ಕಳೀ ತಮ್ಮಾ.”

“ಕಳದೀನ್ರಿ.”

“ಹಂಗಾರ ಕೊಳ್ಳಾಗಿನ ಲಿಂಗದಕಾಯಿ ಕಳೀ. ದೇವರನ್ನ ತೂಗ್ತೀಯೇನು?”

ಈ ಪ್ರಶ್ನೆಗೆ ಉತ್ತರ ಕೊಡಲು ಕಾನೂನು ಸಲಹೆಗಾರರೊಬ್ಬರು ಪಟ್ಟಿಯಲ್ಲಿದ್ದಾರೆ. ಅವರೂ ಕ್ರಾಸಿನಲ್ಲಿದ್ದಾರೆ. ಹುಡುಗ ದೇವರನ್ನು ಬಿಟ್ಟು ಭಕ್ತನನ್ನು ತೂಗುತ್ತಾನೆ. ಆ ಊರಿನವರು ಇವನ ಹೆಸರು ನೆನಪಿಟ್ಟುಕೊಳ್ಳುತ್ತಾರೆ. ಪತ್ರಿಕೆಯಲ್ಲಿ ಬರದ ಹೆಸರು ಬೈಗುಳದಲ್ಲಿ ತಪ್ಪದೆ ಬರುತ್ತದೆ.

ರಾತ್ರಿ ಏಳಕ್ಕೆ ಅಂತ ಇದ್ದ ಕಾರ್ಯಕ್ರಮ ಒಂಬತ್ತೂವರೆಗೆ ಸುರುವಾಗುತ್ತದೆ. ಶಾಲು, ಹಾರ, ಅಮೀನಗಡ ಕರದಂಟಿನ ಡಬ್ಬಿ, ಹೆಣ್ಣುಮಕ್ಕಳು ಬಂದಿದ್ದರೆ ಗುಳೇದಗುಡ್ಡದ ಖಣ. ಸನ್ಮಾನ ಮಾಡಿಸಿಕೊಂಡವರು ಕೆಳಗಿಳಿದು, ಸನ್ಮಾನ ಮಾಡಿದವರಿಗೆ ಸನ್ಮಾನ ಮಾಡಲು ಮತ್ತೆ ಹತ್ತುತ್ತಾರೆ. ಮೂಲೆಯಲ್ಲಿ ಚಡ್ಡಿ ಬನಿಯನ್ನಿನಲ್ಲಿ ಮೈ ಬಿಸಿ ಮಾಡಿಕೊಂಡ ಹುಡುಗರು ತಣ್ಣಗಾಗಿ, ಮತ್ತೆ ಬಿಸಿ ಮಾಡಿಕೊಂಡು, ಮತ್ತೆ ತಣ್ಣಗಾಗುತ್ತಾರೆ. ರೇಡಿಗೆ ಹೋದವನಿಗೆ ನಿಯಮದಲ್ಲಿ 30 ಸೆಕೆಂಡು. ಸತತ ಎರಡು ರೇಡು ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ಅವನೇ ಔಟ್. ಇದನ್ನು ಭಾಷಣಕ್ಕೂ ಹಚ್ಚಬೇಕೆಂದು ನಾನೊಮ್ಮೆ ಸಭೆಯಲ್ಲಿ ಸೂಚಿಸಿದೆ. ಸೂಚನೆಯ ಮೇಲೆ ಮುಕ್ಕಾಲು ಗಂಟೆ ಭಾಷಣ ನಡೆಯಿತು.

ನಮ್ಮ ಬಳಗದ ಹುಡುಗನೊಬ್ಬ, ಇಳಕಲ್ಲಿನವ, ಕೆನಡಾದಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ. ಅವನ ಮಗ ಅಲ್ಲಿ ಐಸ್ ಹಾಕಿ ಆಡುತ್ತಾನೆ. ಇಲ್ಲಿ ಐಸ್ ಕಾಣುವುದು ಕಬ್ಬಿನ ಹಾಲಿನ ಗಾಡಿಯಲ್ಲಿ; ಮೊಣಕಾಲು ತಿರುಚಿದ ರೇಡರ್‌ಗೆ ಅದನ್ನೇ ಒಂದು ತುಂಡು ಒಡೆದುಕೊಟ್ಟರೆ ವೈದ್ಯಕೀಯ ಸಮಿತಿಯ ಕೆಲಸ ಮುಗಿಯಿತು. ಅಲ್ಲಿ ಅದರ ಮೇಲೇ ಮಕ್ಕಳು ಚಕ್ರವಿಲ್ಲದ ಬೂಟು ಹಾಕಿಕೊಂಡು ಓಡುತ್ತಾರೆ. ಶನಿವಾರ ನಸುಕಿನಲ್ಲಿ ಎದ್ದು ಮಗನನ್ನು ಕರೆದೊಯ್ಯುವುದಷ್ಟೇ ಅಪ್ಪನ ಕೆಲಸ ಎಂದು ಇವನು ತಿಳಿದಿದ್ದ. ಸೇರಿಸುವಾಗ ಕ್ಲಬ್ಬಿನವರು ಫೀ ತಗೊಂಡು, ಅದರ ಮೇಲೆ ಒಂದು ಚೆಕ್ಕನ್ನೂ ಬರೆಸಿಕೊಂಡರಂತೆ. ಸೀಸನ್ನು ಮುಗಿಯುವುದರೊಳಗೆ ಇಂತಿಷ್ಟು ತಾಸು ತಂಡಕ್ಕೆ ದುಡಿದರೆ ಚೆಕ್ಕು ವಾಪಸ್, ಇಲ್ಲವಾದರೆ ಬ್ಯಾಂಕಿಗೆ. ಒಬ್ಬರಮ್ಮ ತಂಡದ ಮ್ಯಾನೇಜರು: ಯಾವ ದಿನ ಎಲ್ಲಿ ಆಟ, ಯಾರ ಕಾರಿನಲ್ಲಿ ಯಾರು, ಎಲ್ಲ ಅವಳ ತಲೆಯಲ್ಲಿ. ಒಬ್ಬರಪ್ಪ ಖಜಾಂಚಿ, ಲೆಕ್ಕ ಎಲ್ಲರ ಮೊಬೈಲಿಗೂ ಬರುತ್ತದೆ. (ಇದನ್ನು ಕೇಳಿ ನಮ್ಮ ಖಜಾಂಚಿ ಆ ದೇಶದಲ್ಲಿ ನಂಬಿಕೆ ಎಂಬುದೇ ಇಲ್ಲ ಎಂದು ಮರುಗಿದರು.) ಗಡಿಯಾರ ನೋಡುವವರು ಬೇರೆ, ಸ್ಕೋರ್ ಬರೆಯುವವರು ಬೇರೆ, ಅಂಗಿ ಒಗೆಸಿಕೊಂಡು ಬರುವವರು ಬೇರೆ. ಪೆಟ್ಟು ಬಿದ್ದರೆ ಏನು ಮಾಡಬೇಕೆಂದು ತರಬೇತಿ ಪಡೆದವರೊಬ್ಬರು ಮಕ್ಕಳ ಬೆಂಚಿನ ಹತ್ತಿರವೇ ಇರುತ್ತಾರೆ.

ಇವನ ಪಾಲಿಗೆ ಬಂದದ್ದು ಬಾಗಿಲು. ತಪ್ಪು ಆಡಿದ ಮಗುವನ್ನು ಎರಡು ನಿಮಿಷ ಪಕ್ಕದ ಒಂದು ಗೂಡಿನೊಳಗೆ ಕೂರಿಸುತ್ತಾರೆ. ಒಳಗೆ ಬರುವಾಗ ಬಾಗಿಲು ತೆಗೆಯಬೇಕು, ಹಾಕಬೇಕು. ಎರಡು ನಿಮಿಷವಾದ ಮೇಲೆ ತೆಗೆಯಬೇಕು, ಹಾಕಬೇಕು. ಅಷ್ಟೇ. ಇದನ್ನವನು ವಿಡಿಯೊ ಕಾಲಿನಲ್ಲಿ ಹೆಮ್ಮೆಯಿಂದ ಹೇಳಿದಾಗ ಈ ಕಡೆ ಅವನ ತಾಯಿ ಇಳಕಲ್ ಸೀರೆಯ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

“ಹೊಲಾ ಮಾರಿ ಎಂಜಿನಿಯರಿಂಗ್ ಓದ್ಸಿದ್ದು ಹುಡುಗೂರಿಗೆ ಬಾಗ್ಲಾ ತಗಿಯಾಕೇನೋ ಎಪ್ಪಾ?”

“ಎವ್ವಾ, ಅದು ದೊಡ್ಡ ಜವಾಬ್ದಾರಿ ಬೇ. ಮಕ್ಳ ಸಮೀಪ ಇರೂ ಕೆಲಸ ಅಂದ್ರ ಪೊಲೀಸ್ರ ಕಡಿಂದ ಕಾಗದಾ ತರಬೇಕು ಇಲ್ಲೆ.”

“ಅಯ್ಯ ಶಿವನ! ಪೊಲೀಸ್ ಸ್ಟೇಷನ್ನಿಗೂ ಹೋಗಿ ಬಂದ್ಯಾ?”

ಆ ಕಾಗದದ ಮಾತು ಮಾತ್ರ ನನ್ನ ತಲೆಯೊಳಗೆ ಉಳಿಯಿತು. ಪರಸ್ಥಳದ ಪಂದ್ಯಕ್ಕೆ ಹೋದ ನಮ್ಮ ಹುಡುಗರು ಯಾವುದೋ ಶಾಲೆಯ ಕೋಣೆಯಲ್ಲಿ ಮಲಗುತ್ತಾರೆ. ಅವರ ಜೊತೆ ಯಾರು ಮಲಗುತ್ತಾರೆ, ಆ ಮನುಷ್ಯನ ಹಿಂದೆ ಮುಂದೆ ಏನು ಎಂದು ವಿಚಾರಿಸುವುದಕ್ಕೆ ನಮ್ಮ ಎಪ್ಪತ್ತು ಹುದ್ದೆಗಳಲ್ಲಿ ಒಂದೂ ಇಲ್ಲ. ಫ್ಲೆಕ್ಸಿನ ಮೇಲೆ ಯಾರ ಫೋಟೊ ಯಾರಿಗಿಂತ ದೊಡ್ಡದಿರಬೇಕು ಎಂಬುದನ್ನು ವಿಚಾರಿಸಲು ಉಪಸಮಿತಿಯೇ ಇದೆ.

ಕೆನಡಾದ ಪದ್ಧತಿ ಇಲ್ಲಿ ತಂದರೆ ಏನಾಗುತ್ತದೆ ಎಂದು ಮಂಡಳದಲ್ಲಿ ಚರ್ಚೆಯೂ ಆಯಿತು. ಕಬಡ್ಡಿಯಲ್ಲಿ ಔಟಾದವರು ಕೂರುವ ಜಾಗಕ್ಕೆ ಬಾಗಿಲಿಲ್ಲ. ಬಾಗಿಲಿಲ್ಲ ಎಂದರೆ ಉದ್ಘಾಟನೆಯಿಲ್ಲ. ಮೊದಲು ಬಾಗಿಲು ಮಾಡಿಸೋಣ ಎಂದು ಒಬ್ಬರು, ಬಾಗಿಲು ಕೊಡಿಸಿದ ದಾನಿಯ ಹೆಸರು ಅದರ ಮೇಲೆ ಬರೆಸೋಣ ಎಂದು ಇನ್ನೊಬ್ಬರು. ಬಾಗಿಲು ಸಮಿತಿಗೆ ಹನ್ನೊಂದು ಜನ ನೇಮಕವಾದರು. ತೆಗೆಯುವವರು ಯಾರು, ಹಾಕುವವರು ಯಾರು ಎಂಬ ಮಾತು ಮುಂದಿನ ಸಭೆಗೆ ಹೋಯಿತು. ಡಿಪಾಸಿಟ್ ಚೆಕ್ಕಿನ ಮಾತು ಯಾವ ಸಭೆಗೂ ಹೋಗಲಿಲ್ಲ.

ಹೆಸರು ಹಾಕಿಸಿಕೊಳ್ಳುವ ಈ ಚಟ ನಮ್ಮ ಜಿಲ್ಲೆಗೆ ಹೊಸದಲ್ಲ ಎಂದು ವಾದಿಸುವ ಇತಿಹಾಸದ ಮಾಸ್ತರರೊಬ್ಬರು ನಮ್ಮಲ್ಲಿದ್ದಾರೆ. ಐಹೊಳೆಯ ಮೇಗುಟಿ ಗುಡಿಯ ಗೋಡೆಯನ್ನು ಅವರು ಸೀಮೆಯ ಮೊದಲ ಫ್ಲೆಕ್ಸ್ ಎನ್ನುತ್ತಾರೆ. ಕ್ರಿ.ಶ. 634ರಲ್ಲಿ ರವಿಕೀರ್ತಿ ಅದರ ಮೇಲೆ ಇಮ್ಮಡಿ ಪುಲಕೇಶಿಯನ್ನು ಬಾಯ್ತುಂಬ ಹೊಗಳಿ, ಕೊನೆಗೆ ತಾನು ಕಾಳಿದಾಸ, ಭಾರವಿಗೆ ಸಮ ಎಂದು ಸೇರಿಸಿಬಿಟ್ಟ. ‘ಶುಭ ಕೋರುವವರು’ ಎಂದು ಕೆಳಗೆ ತನ್ನದೊಂದು ಫೋಟೊ ಹಾಕಿಸಿಕೊಳ್ಳುವ ಚಟಕ್ಕೆ ಇಷ್ಟು ಹಳೆಯ ದಾಖಲೆ ಬೇರೆ ಯಾವ ಜಿಲ್ಲೆಯಲ್ಲಿದೆ? ಆದರೆ ರವಿಕೀರ್ತಿ ಆ ಗುಡಿಯನ್ನೂ ಕಟ್ಟಿಸಿದ, ಆ ಪದ್ಯಗಳನ್ನೂ ತಾನೇ ಬರೆದ. ನಮ್ಮವರು ಫ್ಲೆಕ್ಸಿನ ಸಾಲನ್ನೂ ಅಂಗಡಿಯವನ ಕೈಲಿ ಬರೆಸುತ್ತಾರೆ, ಒತ್ತು ಕೊಂಬು ತಪ್ಪಿದರೆ ಅವನನ್ನೇ ಬೈಯುತ್ತಾರೆ. ಅದೇ ಐಹೊಳೆಯ ಹೆಸರಿನ ವರ್ತಕರ ಸಂಘ, ಅಯ್ಯಾವೊಳೆ ಐನೂರ್ವರು, ಹೆಸರಿನಲ್ಲೇ ಐನೂರು ಸದಸ್ಯರನ್ನು ಇಟ್ಟುಕೊಂಡಿತ್ತು ಎಂದು ನಮ್ಮ ಅಧ್ಯಕ್ಷರಿಗೆ ಗೊತ್ತಾದಾಗ ಅವರ ಮುಖ ಅರಳಿತು. ಆ ಐನೂರ್ವರು ಸಮುದ್ರ ದಾಟಿ ವ್ಯಾಪಾರ ಮಾಡಿದರು ಎಂಬ ಉಳಿದ ಅರ್ಧವನ್ನು ಹೇಳುವುದರೊಳಗೆ ಅಧ್ಯಕ್ಷರು ಎದ್ದು ಹೋಗಿದ್ದರು.

ಪಟ್ಟದಕಲ್ಲಿನ ಮಾತು ಮಾತ್ರ ಮಾಸ್ತರರು ಸಿಟ್ಟಿನಿಂದ ಹೇಳುತ್ತಾರೆ. ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಇಂದಿನ ವಿರೂಪಾಕ್ಷ. ರಾಣಿ ದುಡ್ಡು ಹಾಕಿದಳು, ಹೆಸರು ಹಾಕಿಸಿಕೊಂಡಳು, ಸರಿ. ಆದರೆ ಆ ಗುಡಿಯ ಶಾಸನದಲ್ಲಿ ಅದನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರೂ ಇದೆ, ಅವನಿಗೆ ಕೊಟ್ಟ ತ್ರಿಭುವನಾಚಾರಿ ಎಂಬ ಬಿರುದೂ ಇದೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ಉಳಿಯ ಪೆಟ್ಟಿನಿಂದ ಕಲ್ಲಿನಲ್ಲಿ ಕೆತ್ತಲು ಪುರಸೊತ್ತಿದ್ದ ಹೆಸರಿಗೆ, ಕಂಪ್ಯೂಟರಿನಲ್ಲಿ ಒತ್ತಿದರೆ ಬರುವ ಫ್ಲೆಕ್ಸಿನಲ್ಲಿ ಜಾಗ ಸಾಲುತ್ತಿಲ್ಲ.

ಯುವಕ ಮಂಡಳ ಬಿಡಿ, ಶಾಲೆಯ ಕ್ರೀಡಾಕೂಟಗಳ ಕಥೆಯೂ ಇದೇ. ವಲಯ ಮಟ್ಟ, ತಾಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಮಕ್ಕಳು ಏರುತ್ತ ಹೋದಂತೆ ಸಮಿತಿಗಳೂ ಏರುತ್ತವೆ: ಸ್ವಾಗತ, ವೇದಿಕೆ, ಆಹಾರ, ಪ್ರಚಾರ, ಬಹುಮಾನ, ಶಿಸ್ತು. ಶಿಸ್ತು ಸಮಿತಿಯವರು ಊಟದ ಸಾಲಿನಲ್ಲಿ ಸಿಗುತ್ತಾರೆ. ಉಳಿದ ಎಲ್ಲ ಸಮಿತಿಗಳ ಪರವಾಗಿ ಸೀಟಿ ಕಟ್ಟಿಕೊಂಡು ಓಡುವವರು ಪಿ.ಟಿ. ಮಾಸ್ತರು. ಪಥಸಂಚಲನ ಅವರದು, ಕ್ರೀಡಾಜ್ಯೋತಿಗೆ ಎಣ್ಣೆ ಅವರದು, ಮೈಕು ಕೈಕೊಟ್ಟಾಗ ಬಾಯಿ ಅವರದು, ಸೋತ ಶಾಲೆಯವರ ಬೈಗುಳವೂ ಅವರಿಗೇ.

ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ನಸುಕಿನ ಹೊತ್ತು ಖೋ ಖೋ ಆಡುವ ಹನ್ನೆರಡು ಹುಡುಗಿಯರ ತಂಡವನ್ನು ನೋಡಿದೆ. ನವನಗರದ ಜಿಲ್ಲಾ ಕ್ರೀಡಾಂಗಣಕ್ಕೆ ಹೊರಟಿದ್ದರು. ಜೊತೆಗೆ ಮಾಸ್ತರು ಒಬ್ಬರು, ಮತ್ತೊಬ್ಬ ಅವ್ವ. ಹುಡುಗಿಯರ ಜೊತೆ ಹೆಂಗಸರೊಬ್ಬರು ಇರಲೇಬೇಕು. ಬರಬೇಕಿದ್ದವರಿಗೆ ಬೇರೆ ಡ್ಯೂಟಿ ಬಂತಂತೆ. ತಂಡದ ಹುಡುಗಿಯೊಬ್ಬಳ ತಾಯಿ ಆ ದಿನದ ಕೂಲಿ ಬಿಟ್ಟು ಹೊರಟಿದ್ದಳು. ಹನ್ನೆರಡೂ ಮಂದಿಯ ಕಿವಿಯೋಲೆ, ಬಸ್ಸಿನ ಚಿಲ್ಲರೆ, ಯಾರದೋ ತಲೆನೋವಿನ ಗುಳಿಗೆ ಅವಳ ಎಲೆ ಅಡಿಕೆಯ ಸಂಚಿಯೊಳಗೆ ಸೇರಿದ್ದವು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಯ ಬುತ್ತಿ ತಲೆಯ ಮೇಲೆ. ಯಾವಳಿಗೆ ಮುಟ್ಟಿನ ದಿನ, ಯಾವಳು ರಾತ್ರಿ ಉಂಡಿಲ್ಲ, ಯಾವಳ ಅಪ್ಪನಿಗೆ ಫೋನ್ ಮಾಡಿ ‘ಮುಟ್ಟಿದಿವಿ’ ಎನ್ನಬೇಕು, ಎಲ್ಲ ಅವಳಿಗೆ ಗೊತ್ತು. ಕೆನಡಾದಲ್ಲಿ ಇದಕ್ಕೆ ಮ್ಯಾನೇಜರ್ ಎನ್ನುತ್ತಾರೆ. ಮಾಸ್ತರು ಹಾಜರಿ ಪಟ್ಟಿಯಲ್ಲಿ ಅವಳ ಹೆಸರು ಬರೆಯಲು ಹೊರಟು, ಹುದ್ದೆಯ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಒಂದು ಗೆರೆ ಎಳೆದರು. ಆ ಗೆರೆಯ ಮೇಲೆ ತಂಡ ಜಿಲ್ಲಾ ಮಟ್ಟ ಆಡಿತು.

ನಮ್ಮ ಜನಕ್ಕೆ ಪುಕ್ಕಟೆ ದುಡಿಯುವುದು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಬಾಗಲಕೋಟೆಯ ಹೋಳಿ ನೋಡಿ. ಓಣಿ ಓಣಿಯವರು ತಮ್ಮ ಸರದಿಯ ದಿನ ಬಣ್ಣದ ಬ್ಯಾರಲ್ ಹೇರಿಕೊಂಡು ಬಂಡಿ ಹೂಡುತ್ತಾರೆ, ಹಲಗಿ ಬಡಿಯುತ್ತಾರೆ. ಹಲಗಿ ಬಡಿಯುವವನ ಎದೆಯ ಮೇಲೆ ಬ್ಯಾಡ್ಜಿಲ್ಲ. ಬನಶಂಕರಿ ಜಾತ್ರೆಗೆ ಡೇರೆ ಹಾಕುವ ನಾಟಕ ಕಂಪನಿಗಳಲ್ಲಿ ಮಾಲೀಕನೇ ಸಂಜೆ ಗೇಟಿನಲ್ಲಿ ನಿಂತು ರಾತ್ರಿ ಬಣ್ಣ ಹಚ್ಚುವುದುಂಟು. ಕೂಡಲಸಂಗಮದ ದಾಸೋಹದಲ್ಲಿ ಎಲೆ ಎತ್ತುವವರಿಗೆ ಗೌರವ ಕಾರ್ಯದರ್ಶಿ ಪಟ್ಟ ಬೇಕಿಲ್ಲ. ಹುದ್ದೆ ಎಲ್ಲಿಲ್ಲವೋ ಅಲ್ಲಿ ನಮ್ಮವರ ಕೈ ನೂರು. ಹುದ್ದೆ ಕೊಟ್ಟ ಮರುಕ್ಷಣ ಆ ಕೈಗಳೆಲ್ಲ ಹಾರ ಹಾಕಿಸಿಕೊಳ್ಳಲು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತವೆ.

ಇಳಕಲ್ ಮಠದ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಭಿಕ್ಷೆಗೆ ಕೇಳಿದ್ದು ಕಾಳಲ್ಲ, ಚಟ. ಕುಡಿತ ಹಾಕಿ, ಬೀಡಿ ಹಾಕಿ, ಗುಟ್ಕಾ ಹಾಕಿ ಎಂದರು, ಜನ ಹಾಕಿದರು. ಅವರು ಹುಟ್ಟಿದ ಆಗಸ್ಟ್ 1 ಇವತ್ತು ರಾಜ್ಯಕ್ಕೆಲ್ಲ ವ್ಯಸನಮುಕ್ತ ದಿನ. ನಮ್ಮ ಮಂಡಳವೂ ಆ ದಿನವನ್ನು ತಪ್ಪದೆ ಆಚರಿಸುತ್ತದೆ. ಪದವಿಯ ಚಟವನ್ನೂ ಆ ಜೋಳಿಗೆಗೆ ಹಾಕಬಹುದಲ್ಲ ಎಂದು ನಾನು ಹೋದ ಸಲ ಕೇಳಿದೆ. ಒಳ್ಳೆಯ ವಿಚಾರ, ಆದರೆ ಅದಕ್ಕೊಂದು ಸಮಿತಿ ಬೇಕಾಗುತ್ತದೆ ಎಂದರು. ಅದರ ಅಧ್ಯಕ್ಷತೆ ನನಗೇ ಕೊಡುವುದಾಗಿಯೂ ಹೇಳಿದರು. ಒಂದು ದಿನ ವಿಚಾರ ಮಾಡಿ ಹೇಳುತ್ತೇನೆ ಎಂದಿದ್ದೇನೆ.

ಅದೇ ಸಭೆಯಲ್ಲಿ ಇನ್ನೊಂದು ಠರಾವೂ ಆಯಿತು. ಇಷ್ಟು ವರ್ಷ ಗೆರೆ ಎಳೆದ ಹುಡುಗನನ್ನು ಗುರುತಿಸಲೇಬೇಕು ಎಂದು ಹಿರಿಯರೊಬ್ಬರಿಗೆ ಅನಿಸಿ, ಅವನನ್ನು ಅಂಕಣ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಈ ಸಲದ ಫ್ಲೆಕ್ಸಿನಲ್ಲಿ ಅವನ ಫೋಟೊ ಬಂತು. ಕಪ್ಪು ಕನ್ನಡಕ, ಜೋಡಿಸಿದ ಕೈ. ಪಂದ್ಯದ ದಿನ ಮಧ್ಯಾಹ್ನ ನಾಲ್ಕಾದರೂ ನೆಲದ ಮೇಲೆ ಒಂದು ಗೆರೆಯಿಲ್ಲ. ಟ್ಯಾಂಕರ್ ಬಂದು ನಿಂತಿದೆ, ನೀರು ಹೊಡೆಸುವವರಿಲ್ಲ. ಕಾರ್ಯದರ್ಶಿ ಗಾಬರಿಯಿಂದ ಫೋನ್ ಹಚ್ಚಿದರು.

“ತಮ್ಮಾ, ಎಲ್ಲಿದ್ದಿ? ಇನ್ನೂ ಸುಣ್ಣಾ ಬಿದ್ದಿಲ್ಲಲ್ಲೋ!”

“ಅತಿಥಿಗಳನ್ನ ಕರ್ಕೊಂಡು ಬರಾಕ ಕ್ರಾಸಿಗೆ ಬಂದೀನ್ರಿ ಕಾಕಾ. ಗೆರಿ ಎಳಿಯಾಕ ಬ್ಯಾರೆ ಯಾರಿಗರೆ ಹೇಳ್ರಿ, ಈ ಸಲ ನಾ ಅಧ್ಯಕ್ಷ ಅದೀನಿ.”